ಇನ್ನೂ ಹೆಸರು ಬರದ ರ‍್ಯಾಪರ್‌ಗಳಿಗೆ

ರೆಕಾರ್ಡಿಂಗ್ ಕೋಣೆಯಲ್ಲಿ ಗಾಜಿನ ಈಚೆ ಕೂರುವ ಕೆಲಸ ನನ್ನದು. ರ‍್ಯಾಪ್ ಮಾಡುವವರು ಆಚೆ ನಿಂತಿರುತ್ತಾರೆ, ನಾನು ಹೆಡ್‌ಫೋನ್ ಹಾಕಿಕೊಂಡು ಕೇಳುತ್ತಿರುತ್ತೇನೆ. ಬರುವವರಲ್ಲಿ ಜಾಸ್ತಿ ಜನ ಇನ್ನೂ ಹೆಸರು ಮಾಡದವರು. ಕೆಲಸ ಮುಗಿದು ಕೇಬಲ್ ಸುತ್ತುವ ಹೊತ್ತಿಗೆ ಹೆಚ್ಚುಕಡಿಮೆ ಎಲ್ಲರೂ ಕೇಳುವುದು ಒಂದೇ ಮಾತು: "ಅಣ್ಣಾ, ಇದರಲ್ಲಿ ಮುಂದೆ ಬರೋದು ಹೇಗೆ?" ನಿಂತ ನಿಲುವಿನಲ್ಲಿ ಉತ್ತರ ಹೇಳಿ ಮುಗಿಸುವ ಪ್ರಶ್ನೆ ಅಲ್ಲ ಅದು. ಅದಕ್ಕೇ ಇಲ್ಲಿ ಸಾವಕಾಶವಾಗಿ ಬರೆಯುತ್ತಿದ್ದೇನೆ.

ಅಂಡರ್‌ಗ್ರೌಂಡ್ (ಇನ್ನೂ ಹೆಸರು, ಕಂಪನಿ ಯಾವುದೂ ಇಲ್ಲದ ಈ ಹಂತ) ಅಂದರೆ ಆದಷ್ಟು ಬೇಗ ದಾಟಿ ಹೋಗಬೇಕಾದ ಜಾಗ ಅಂತ ತುಂಬ ಜನ ಅಂದುಕೊಂಡಿದ್ದಾರೆ. ನನಗೆ ಹಾಗೆ ಅನ್ನಿಸುವುದಿಲ್ಲ. ಮುಂದಿನ ಹಾಡು ಯಾವಾಗ ಅಂತ ಯಾರೂ ಪೀಡಿಸದ ಕಾಲ ಇದೊಂದೇ. ಕೆಟ್ಟದಾಗಿ ಬರೆದು, ಹರಿದು ಹಾಕಿ, ಮತ್ತೆ ಬರೆಯುವುದಕ್ಕೆ ಪುರುಸೊತ್ತು ಸಿಗುವುದೂ ಈಗಲೇ. ಈ ವರ್ಷಗಳಲ್ಲಿ ನೀವು ಕಲಿತದ್ದು ಮತ್ತು ನಿಮ್ಮ ಹೆಸರಿನಲ್ಲಿ ಉಳಿಸಿಕೊಂಡದ್ದು, ಮುಂದೆ ನಿಮ್ಮನ್ನು ಸಾಕುವುದು ಇವೆರಡೇ.

ಹಿಪ್‌ಹಾಪ್ ಹುಟ್ಟಿದ್ದೂ ಹೀಗೇ ಅಲ್ವಾ? 1973ರ ಆಗಸ್ಟ್ 11ರಂದು ನ್ಯೂಯಾರ್ಕ್‌ನ ಬ್ರಾಂಕ್ಸ್‌ನಲ್ಲಿ, 1520 ಸೆಡ್ಜ್‌ವಿಕ್ ಅವೆನ್ಯೂ ಅನ್ನುವ ಕಟ್ಟಡದಲ್ಲಿ ಸಿಂಡಿ ಕ್ಯಾಂಪ್‌ಬೆಲ್ ಅನ್ನುವ ಹುಡುಗಿ ಒಂದು ಪಾರ್ಟಿ ಇಟ್ಟುಕೊಂಡಳು. ಶಾಲೆ ಶುರುವಾಗುವ ಮುಂಚೆ ಹೊಸ ಬಟ್ಟೆಗೆ ದುಡ್ಡು ಕೂಡಿಸಬೇಕಿತ್ತು ಅಷ್ಟೇ. ಅವಳ ಅಣ್ಣ ಕ್ಲೈವ್ ರೆಕಾರ್ಡ್ ಹಾಕಿದ. ಜಗತ್ತಿಗೆ ಅವನು ಡಿಜೆ ಕೂಲ್ ಹರ್ಕ್. ಜನ ಕುಣಿಯುವುದು ಹಾಡಿನ ನಡುವೆ ಬರುವ ಬರೀ ಡ್ರಮ್ಸ್‌ಗೆ ಅಂತ ಅವನು ಗಮನಿಸಿದ್ದ. ಮುಂದೆ ಒಂದೇ ರೆಕಾರ್ಡಿನ ಎರಡು ಪ್ರತಿ ಇಟ್ಟುಕೊಂಡು ಆ ತುಣುಕನ್ನೇ ಉದ್ದ ಮಾಡುವ ಕೈಚಳಕ ಬೆಳೆಸಿದ. ರ‍್ಯಾಪ್ ರೆಕಾರ್ಡ್ ಅಂಗಡಿಗೆ ಬಂದದ್ದು 1979ರಲ್ಲಿ. ನಡುವಿನ ಆರು ವರ್ಷ ಈ ಕಲೆ ಪಾರ್ಟಿಗಳಲ್ಲಿ, ಪಾರ್ಕುಗಳಲ್ಲಿ, ಕೈಯಿಂದ ಕೈಗೆ ಹೋದ ಕ್ಯಾಸೆಟ್‌ಗಳಲ್ಲಿ ಬೆಳೆಯಿತು. ಎದುರಿಗೆ ನಿಂತವರ ತಲೆ ಅಲುಗಾಡುತ್ತಿದೆಯೋ ಇಲ್ಲವೋ, ಅವತ್ತಿನ ಎಂಸಿಗಳಿಗೆ, ಅಂದರೆ ಮೈಕ್ ಹಿಡಿದು ರ‍್ಯಾಪ್ ಮಾಡುವವರಿಗೆ, ಇದ್ದ ಅಳತೆಗೋಲು ಅದೊಂದೇ.

ಆ ಅಳತೆಗೋಲು ಇವತ್ತಿಗೂ ಸರಿಯಾಗಿದೆ. ಲಾಸ್ ಏಂಜಲೀಸ್‌ನಲ್ಲಿ ಗುಡ್ ಲೈಫ್ ಅಂತ ಒಂದು ಕೆಫೆ ಇತ್ತು. 1989ರ ಕೊನೆಯಿಂದ ಅಲ್ಲಿ ಪ್ರತಿ ಗುರುವಾರ ರಾತ್ರಿ ಓಪನ್ ಮೈಕ್. ಯಾರು ಬೇಕಾದರೂ ಹೆಸರು ಬರೆಸಬಹುದಿತ್ತು, ಆದರೆ ಬೈಗುಳ ಬಳಸುವಂತಿರಲಿಲ್ಲ. ಎಷ್ಟೇ ಹೆಸರು ಮಾಡಿದವರು ಬಂದರೂ ಇದರಲ್ಲಿ ರಿಯಾಯಿತಿ ಇಲ್ಲ. ಹಾಡು ಸಪ್ಪೆಯಾದರೆ ಕೂತವರೆಲ್ಲ ಸೇರಿ, ದಯವಿಟ್ಟು ಮೈಕ್ ಬಿಟ್ಟುಕೊಡಿ ಅಂತ ಒಟ್ಟಿಗೆ ಕೂಗುತ್ತಿದ್ದರು. ಕೂಗು ಎದ್ದರೆ ಇಳಿಯಲೇಬೇಕು. ಫ್ರೀಸ್ಟೈಲ್ ಫೆಲೋಶಿಪ್ ತಂಡ ಬೆಳೆದದ್ದು ಅಲ್ಲಿ. ಜುರಾಸಿಕ್ ಫೈವ್ ತಂಡದವರು ಬಂದದ್ದೂ ಅಲ್ಲಿಂದಲೇ. ಮುಂದೆ ಸಿನಿಮಾ ನಿರ್ದೇಶಕಿಯಾದ ಏವಾ ಡುವರ್ನೆ ಕೂಡ ಆ ವೇದಿಕೆಯಲ್ಲಿ ರ‍್ಯಾಪ್ ಮಾಡಿದವರು.

ಬೈಗುಳ ಬೇಡ ಅನ್ನುವ ಆ ನಿಯಮದ ಬಗ್ಗೆ ನಾನು ಬಹಳ ಯೋಚಿಸಿದ್ದೇನೆ. ಅದು ಮಡಿವಂತಿಕೆಯ ಮಾತಲ್ಲ. ಬಾರ್, ಅಂದರೆ ನಾಲ್ಕು ತಾಳದ ಒಂದು ಅಳತೆ, ತುಂಬಲಿಲ್ಲ ಅಂದಾಗ ಬೈಗುಳ ಸುಲಭವಾಗಿ ಬಂದು ಕೂರುತ್ತದೆ. ಎರಡು ಅಕ್ಷರ ಕಮ್ಮಿ ಬಿದ್ದರೆ ಒಂದು ಬೈಗುಳ, ಪ್ರಾಸ ಸಿಗದಿದ್ದರೆ ಇನ್ನೊಂದು. ಅದನ್ನು ತೆಗೆದುಬಿಟ್ಟರೆ ಆ ಜಾಗಕ್ಕೆ ನಿಜವಾದ ಮಾತು ಹುಡುಕಬೇಕು. ಹುಡುಕುವ ಅಭ್ಯಾಸ ಆದ ಮೇಲೆ ಬೇಕಾದರೆ ಬೈಯಿರಿ. ಆಗ ಆ ಬೈಗುಳಕ್ಕೂ ಪೆಟ್ಟು ಇರುತ್ತದೆ.

ಕನ್ನಡದಲ್ಲಿ ಬರೆಯುವವರಿಗೆ ಇನ್ನೊಂದು ಗುಂಡಿ ಇದೆ. ನಮ್ಮಲ್ಲಿ ಕ್ರಿಯಾಪದ ವಾಕ್ಯದ ಕೊನೆಗೆ ಬರುತ್ತದೆ. ಹಾಗಾಗಿ ಪ್ರಾಸ ಪುಕ್ಕಟೆ ಸಿಗುತ್ತದೆ. ಒಬ್ಬ ಹುಡುಗ ರೆಕಾರ್ಡಿಂಗ್‌ಗೆ ತಂದ ಸಾಲುಗಳನ್ನು ಅವನ ಒಪ್ಪಿಗೆ ಕೇಳಿಯೇ ಇಲ್ಲಿ ಕೊಡುತ್ತಿದ್ದೇನೆ:

ರಾತ್ರಿಯೆಲ್ಲ ಬೀದೀಲಿ ನಡೀತೀನಿ,
ನನ್ನ ಕನಸನ್ನ ನಾನೇ ಹಿಡೀತೀನಿ,
ಅಡ್ಡ ಬಂದ್ರೆ ಯಾರೇ ಆದ್ರೂ ಹೊಡೀತೀನಿ.

ಬೀಟ್ ಮೇಲೆ, ಅಂದರೆ ಹಿಂದೆ ನುಡಿಯುವ ಸಂಗೀತದ ಮೇಲೆ, ಸಲೀಸಾಗಿ ಕೂತಿತ್ತು. ಆದರೆ ಇದನ್ನು ಯಾರು ಬೇಕಾದರೂ ಬರೆಯಬಹುದು. ಬರೆದಿದ್ದಾರೆ ಕೂಡ. ಅವನನ್ನು ಮೈಕ್ ಹತ್ತಿರದಿಂದ ಈಚೆ ಕರೆದು ಕೂರಿಸಿಕೊಂಡೆ. ರಾತ್ರಿ ಬೀದಿ ಸುತ್ತಿ ಮನೆಗೆ ಹೋದರೆ ಏನಾಗುತ್ತೆ ಅಂತ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ಅಪ್ಪನ ವಿಷಯ ಹೇಳಿದ. ಅದನ್ನೇ ಬರೆ ಅಂದೆ. ಮುಂದಿನ ಸಲ ಬಂದಾಗ ಅವನ ಕೈಯಲ್ಲಿ ಇದ್ದದ್ದು ಇದು:

ಕೀಲಿ ತಿರುಗಿಸಿದೆ ಮೆಲ್ಲಗೆ, ಆದ್ರೂ ಸದ್ದು ಅಡಗಿಲ್ಲ,
ಬಾಗಿಲ ಸಂದೀಲಿ ಬೆಳಕು, ಅಪ್ಪ ಇನ್ನೂ ಮಲಗಿಲ್ಲ,
ಕೇಳಿದ್ದು ಒಂದೇ ಮಾತು, ಅದಕ್ಕೆ ನನ್ನ ತುಟಿ ಅಲುಗಿಲ್ಲ.

ಅಡಗಿಲ್ಲ, ಮಲಗಿಲ್ಲ, ಅಲುಗಿಲ್ಲ. ಪ್ರಾಸ ಇಲ್ಲೂ ಇದೆ, ಆದರೆ ಈಗ ಒಂದು ಮನೆ ಕಾಣುತ್ತದೆ. ಆ ಅಪ್ಪ ಕೇಳಿದ್ದು ಏನು ಅಂತ ಕೇಳುವವರಿಗೆ ಕುತೂಹಲ ಹುಟ್ಟುತ್ತದೆ. ಅದೇ ಹುಡುಗ, ಅದೇ ಬೀಟ್. ಬರೆಯುವಾಗ ನಿಮ್ಮನ್ನು ನೀವು ಕೇಳಿಕೊಳ್ಳಬೇಕಾದ್ದು ಇಷ್ಟೇ: ಈ ಸಾಲನ್ನು ನಾನಲ್ಲದೆ ಬೇರೆಯವರು ಬರೆಯಬಹುದಿತ್ತೇ? ಹೌದು ಅನ್ನಿಸಿದರೆ ಇನ್ನೊಂದು ಸಲ ಕೂತು ಬರೆಯಿರಿ.

ಉಸಿರಿನ ಲೆಕ್ಕವನ್ನೂ ಬರೆಯುವಾಗಲೇ ಹಾಕಬೇಕು. 90 ಬಿಪಿಎಂ (ನಿಮಿಷಕ್ಕೆ 90 ತಾಳ) ಬೀಟ್‌ನಲ್ಲಿ 16 ಬಾರ್ ಅಂದರೆ 64 ತಾಳ, ಸುಮಾರು 43 ಸೆಕೆಂಡ್. 140ರಲ್ಲಿ ಅದೇ 16 ಬಾರ್ 27 ಸೆಕೆಂಡಿಗೆ ಮುಗಿಯುತ್ತದೆ. ಎಲ್ಲಿ ಉಸಿರು ಎಳೆಯುತ್ತೀರಿ ಅಂತ ಹಾಳೆಯ ಮೇಲೆ ಗುರುತು ಹಾಕಿಕೊಳ್ಳಿ. ಸ್ಟುಡಿಯೋದಲ್ಲಿ ನಾಲ್ಕು ತುಂಡು ಮಾಡಿ ಅಂಟಿಸಿ ನಾನು ನಿಮ್ಮನ್ನು ಪಾರು ಮಾಡಬಲ್ಲೆ. ವೇದಿಕೆ ಮೇಲೆ ಯಾರೂ ಮಾಡಲಾರರು. ಮನೆಯಲ್ಲಿ ನಿಂತು, ನಡೆಯುತ್ತಾ, ಮೆಟ್ಟಿಲು ಹತ್ತುತ್ತಾ ಇಡೀ ವರ್ಸ್ (ಹಾಡಿನ ಒಂದು ಚರಣ) ಹೇಳಿ ನೋಡಿ. ಎಲ್ಲಿ ಉಸಿರು ಸಿಕ್ಕಿಹಾಕಿಕೊಳ್ಳುತ್ತದೋ ಅಲ್ಲಿ ಒಂದು ಪದ ಜಾಸ್ತಿಯಾಗಿದೆ ಅಂತ ಅರ್ಥ. ಹಾಡ್ತಾ ಹಾಡ್ತಾ ರಾಗ ಅಂತ ಹಿರಿಯರು ಹೇಳಿದ್ದು ರ‍್ಯಾಪ್‌ಗೂ ಅಕ್ಷರಶಃ ನಿಜ.

ವೇದಿಕೆಯ ಮಾತು ಬಂದಿತಲ್ಲ, ಸೌಂಡ್ ಮಾಡುವವನಾಗಿ ಒಂದು ಕೋರಿಕೆ. ಮೈಕಿನ ಜಾಲರಿಯನ್ನು ಕೈಯಿಂದ ಮುಚ್ಚಿ ಹಿಡಿಯಬೇಡಿ. ವಿಡಿಯೋದಲ್ಲಿ ಅದು ಗತ್ತಾಗಿ ಕಾಣಬಹುದು. ಆದರೆ ಆ ಮೈಕುಗಳು ಮುಂದಿನ ಸದ್ದನ್ನು ಹಿಡಿದು ಹಿಂದಿನದನ್ನು ಬಿಡುವ ಹಾಗೆ ಮಾಡಿರುತ್ತಾರೆ. ಜಾಲರಿ ಮುಚ್ಚಿದರೆ ಆ ಗುಣ ಹೋಗುತ್ತದೆ. ಸ್ಪೀಕರ್‌ನ ಸದ್ದು ಮತ್ತೆ ಮೈಕಿಗೆ ನುಗ್ಗಿ ಕಿರ್ ಅನ್ನುತ್ತದೆ, ನಿಮ್ಮ ಮಾತು ಗುಂಯ್‌ಗುಟ್ಟುತ್ತದೆ. ಅಷ್ಟು ಕಷ್ಟಪಟ್ಟು ಬರೆದ ಪದ ಹಿಂದಿನ ಸಾಲಿನವರಿಗೆ ಕೇಳುವುದೇ ಇಲ್ಲ. ಹಾಗೇ, ಪೂರ್ತಿ ರೆಕಾರ್ಡ್ ಆದ ಹಾಡನ್ನೇ ಹಿಂದೆ ಹಾಕಿ ಅದರ ಮೇಲೆ ಕೂಗಬೇಡಿ. ಹುಕ್ (ಪಲ್ಲವಿ) ಮತ್ತು ಆಡ್‌ಲಿಬ್ (ನಡುನಡುವೆ ಎಸೆಯುವ ಸಣ್ಣ ಕೂಗು) ಮಾತ್ರ ಇರುವ ಟ್ರ್ಯಾಕ್ ಬೇರೆ ಮಾಡಿಸಿಕೊಳ್ಳಿ. ವರ್ಸ್ ನಿಮ್ಮ ಬಾಯಿಂದಲೇ ಬರಬೇಕು.

ಹುಡುಗಿಯರಿಗೆ ಈ ವೇದಿಕೆಗಳು ಇನ್ನೂ ಕಷ್ಟದವು. ಕೊನೆಯ ಸರದಿ ಕೊಡುವುದು, ಯಾರು ಬರೆದುಕೊಟ್ಟಿದ್ದು ಅಂತ ಕೇಳುವುದು, ಕತ್ತಲಾದ ಮೇಲೆ ಒಬ್ಬಳೇ ಮನೆಗೆ ಹೋಗಬೇಕಾಗುವುದು ಎಲ್ಲ ನನಗೆ ಗೊತ್ತಿದೆ. ರಾಕ್ಸಾನ್ ಶಾಂಟೇ 1984ರಲ್ಲಿ ತನ್ನ ಮೊದಲ ರೆಕಾರ್ಡ್ ಮಾಡಿದಾಗ ಅವಳಿಗೆ 14 ವರ್ಷ. ಬೇರೆ ತಂಡವೊಂದರ ಹಾಡಿಗೆ ಉತ್ತರವಾಗಿ, ನಿರ್ಮಾಪಕ ಮಾರ್ಲಿ ಮಾರ್ಲ್ ಅವರ ಮನೆಯಲ್ಲಿ ನಿಂತು ಹೇಳಿದ ಆ ಹಾಡಿಗೆ ಹತ್ತಾರು ಜನ ಮತ್ತೆ ಉತ್ತರ ಕೊಡಬೇಕಾಯಿತು. ಇಬ್ಬರು ಮೂವರು ಸೇರಿ ಹೋಗಿ. ನಿಮ್ಮ ಸರದಿ ಯಾವಾಗ ಅಂತ ಮೊದಲೇ ಕೇಳಿ ತಿಳಿದುಕೊಳ್ಳಿ. ಗಂಡು ಹುಡುಗರಿಗೆ ಹೇಳುವುದಿಷ್ಟು, ಹುಡುಗಿಯರು ಹಾಡುವಾಗ ಎದ್ದು ಹೊರಗೆ ಹೋಗಬೇಡಿ, ಮುಂದೆ ನಿಂತು ಕೇಳಿ.

ಉಪಕರಣದ ಚಿಂತೆ ಜಾಸ್ತಿ ಬೇಡ. ಸಾಧಾರಣ ಮೈಕ್, ಬಟ್ಟೆ ತುಂಬಿದ ಒಂದು ಸಣ್ಣ ಕೋಣೆ, ಬಾಯಿಗೂ ಮೈಕಿಗೂ ಒಂದು ಗೇಣು ದೂರ. ಇಷ್ಟಿದ್ದರೆ ಕೇಳುವಂಥ ಹಾಡು ಆಗುತ್ತದೆ. ಖಾಲಿ ಗೋಡೆಗಳ ಪ್ರತಿಧ್ವನಿಯನ್ನು ಆಮೇಲೆ ಪೂರ್ತಿ ತೆಗೆಯಲಾಗುವುದಿಲ್ಲ, ಅದೊಂದು ನೆನಪಿರಲಿ.

ಈಗ ಕಾಗದದ ವಿಷಯ. ಇಲ್ಲಿ ಸ್ವಲ್ಪ ನಿಧಾನಿಸುತ್ತೇನೆ, ಯಾಕೆಂದರೆ ಒಳ್ಳೆಯ ರ‍್ಯಾಪರ್‌ಗಳು ಮುಗ್ಗರಿಸಿದ್ದನ್ನು ನಾನು ನೋಡಿದ್ದು ಇಲ್ಲೇ.

ನಾನು ರೆಕಾರ್ಡ್ ಮಾಡಿದ ಒಂದು ಹಾಡು ಒಳ್ಳೆ ಓಟ ತೆಗೆದುಕೊಂಡಿತು. ಜನ ಹಂಚಿಕೊಂಡರು, ಶೋಗಳಿಗೆ ಕರೆ ಬಂತು. ಅಷ್ಟರಲ್ಲಿ ವಿಡಿಯೋ ಮೇಲೆ ಕಾಪಿರೈಟ್ ಕ್ಲೇಮ್ ಬಿತ್ತು. ಆ ಹುಡುಗ ಬೀಟ್ ತೆಗೆದುಕೊಂಡದ್ದು ಇಂಟರ್ನೆಟ್‌ನಿಂದ, ಲೀಸ್ ಮೇಲೆ. ಲೀಸ್ ಅಂದರೆ ಬಾಡಿಗೆ. ಅದೇ ಬೀಟನ್ನು ಇನ್ನೂ ಎಷ್ಟೋ ಜನ ಬಾಡಿಗೆಗೆ ಪಡೆದಿರುತ್ತಾರೆ. ಅವರಲ್ಲಿ ಯಾರೋ ಒಬ್ಬರು ತಮ್ಮ ಹಾಡನ್ನು ಹಾಡು ಯಾರದು ಅಂತ ಯಂತ್ರವೇ ಗುರುತಿಸುವ ಯೂಟ್ಯೂಬಿನ ಕಂಟೆಂಟ್ ಐಡಿಯಲ್ಲಿ ನೋಂದಾಯಿಸಿಬಿಟ್ಟಿದ್ದರು. ಯಂತ್ರಕ್ಕೆ ಕಾಣುವುದು ಬೀಟ್ ಒಂದೇ ಅಂತ. ಅದು ಇವನ ಹಾಡನ್ನೂ ಅವರದೇ ಅಂದಿತು. ಲೀಸ್ ಪತ್ರ ಎಲ್ಲಿ ಅಂತ ಕೇಳಿದರೆ ಇವನ ಹತ್ತಿರ ಇರಲಿಲ್ಲ. ಹಾಡು ಓಡುತ್ತಿದ್ದ ಆ ವಾರಗಳ ದುಡ್ಡೆಲ್ಲ ತಕರಾರಿನಲ್ಲಿ ನಿಂತುಹೋಯಿತು.

ಹಾಗಾಗಿ ಲೀಸ್ ಪತ್ರವನ್ನು ಓದಿ, ಉಳಿಸಿಕೊಳ್ಳಿ. ಎಷ್ಟು ಸ್ಟ್ರೀಮ್‌ವರೆಗೆ, ಎಷ್ಟು ಕಾಲದವರೆಗೆ, ವಿಡಿಯೋಗೆ ಅನುಮತಿ ಇದೆಯೇ, ಶೋಗಳಲ್ಲಿ ಹಾಡಬಹುದೇ, ಎಲ್ಲ ಅದರಲ್ಲಿ ಬರೆದಿರುತ್ತದೆ. ಒಂದು ಹಾಡಿನ ಮೇಲೆ ನಿಮಗೆ ನಿಜವಾದ ನಂಬಿಕೆ ಇದ್ದರೆ ಎಕ್ಸ್‌ಕ್ಲೂಸಿವ್ ಹಕ್ಕಿಗೆ, ಅಂದರೆ ಬೀಟ್ ನಿಮಗೊಬ್ಬರಿಗೇ ಸಿಗುವ ಹಾಗೆ, ಮಾತಾಡಿ. ಅದಕ್ಕಿಂತ ಒಳ್ಳೆಯದು, ನಿಮ್ಮ ಹಾಗೇ ಈಗಷ್ಟೇ ಶುರುಮಾಡಿರುವ ಒಬ್ಬ ಬೀಟ್ ಮೇಕರ್ ಜೊತೆ ಸೇರಿ ಬೆಳೆಯುವುದು. ಸ್ಯಾಂಪಲ್, ಅಂದರೆ ಬೇರೆಯವರ ರೆಕಾರ್ಡಿನಿಂದ ತೆಗೆದ ತುಣುಕು, ಅದರ ವಿಷಯದಲ್ಲೂ ಎಚ್ಚರ. 1991ರಲ್ಲಿ ಅಮೆರಿಕದ ನ್ಯಾಯಾಲಯವೊಂದು ರ‍್ಯಾಪರ್ ಬಿಜ್ ಮಾರ್ಕಿ ವಿರುದ್ಧ ತೀರ್ಪು ಕೊಟ್ಟಿತು. ಅನುಮತಿಯಿಲ್ಲದ ಒಂದು ಸ್ಯಾಂಪಲ್‌ನಿಂದ ಇಡೀ ಆಲ್ಬಂನ ಮಾರಾಟ ನಿಲ್ಲಿಸಬೇಕಾಯಿತು. ಅವತ್ತಿನಿಂದ ಸ್ಯಾಂಪಲ್‌ಗೆ ಮೊದಲೇ ಅನುಮತಿ ಪಡೆಯುವುದು ಕಂಪನಿಗಳಲ್ಲಿ ಕಟ್ಟುನಿಟ್ಟಾಯಿತು.

ಒಂದು ಹಾಡಿನಲ್ಲಿ ಎರಡು ಆಸ್ತಿ ಇದೆ ಅಂತ ತಿಳಿಯಿರಿ. ಒಂದು ಬರೆದ ಹಾಡು, ಅಂದರೆ ಸಾಹಿತ್ಯ ಮತ್ತು ಸಂಗೀತ. ಇನ್ನೊಂದು ಅದರ ರೆಕಾರ್ಡಿಂಗ್, ಅಂದರೆ ಮಾಸ್ಟರ್. ಡಿಸ್ಟ್ರಿಬ್ಯೂಟರ್ (ಹಾಡನ್ನು ಆ್ಯಪ್‌ಗಳಿಗೆ ತಲುಪಿಸುವ ಕಂಪನಿ) ಮೂಲಕ ಸ್ಪಾಟಿಫೈ, ಆಪಲ್ ಮ್ಯೂಸಿಕ್‌ಗೆ ಹಾಡು ಹಾಕಿದಾಗ ಸಾಮಾನ್ಯವಾಗಿ ನಿಮ್ಮ ಕೈಗೆ ಬರುವುದು ಮಾಸ್ಟರ್‌ನ ಪಾಲು. ಬರೆದದ್ದರ ಪಾಲು ಬೇರೆ ದಾರಿಯಲ್ಲಿ, ಕೃತಿಸ್ವಾಮ್ಯದ ಸಂಘಗಳ ಮೂಲಕ ಬರುತ್ತದೆ. ಅಲ್ಲಿ ಸದಸ್ಯರಾಗದಿದ್ದರೆ ಆ ದುಡ್ಡು ನಿಮ್ಮನ್ನು ಹುಡುಕಿಕೊಂಡು ಬರುವುದಿಲ್ಲ. ಪ್ರತಿ ರೆಕಾರ್ಡಿಂಗ್‌ಗೂ 12 ಅಕ್ಷರ-ಅಂಕಿಗಳ ಐಎಸ್‌ಆರ್‌ಸಿ ಅನ್ನುವ ಕೋಡ್ ಸಿಗುತ್ತದೆ. ಬರೆದಿಟ್ಟುಕೊಳ್ಳಿ. ಡಿಸ್ಟ್ರಿಬ್ಯೂಟರ್ ಬದಲಾಯಿಸಿದಾಗ ಅದೇ ಕೋಡ್ ಕೊಟ್ಟರೆ ಹಳೆಯ ಸ್ಟ್ರೀಮ್ ಲೆಕ್ಕ ಉಳಿಯುವ ಸಾಧ್ಯತೆ ಇರುತ್ತದೆ.

ಮತ್ತೆ, ಯಾರ ಪಾಲು ಎಷ್ಟು ಅನ್ನುವುದನ್ನು ರೆಕಾರ್ಡಿಂಗ್ ಆದ ದಿನವೇ ಬರೆದು ಎಲ್ಲರೂ ಸಹಿ ಹಾಕಿ. ಗೆಳೆಯರ ಮಧ್ಯೆ ಇದೆಲ್ಲ ಯಾಕೆ ಅಂತ ಸಂಕೋಚ ಆಗುತ್ತದೆ. ಗೆಳೆತನ ಉಳಿಯಬೇಕು ಅಂತಲೇ ಬರೆಯುವುದು. ಹಾಡಿನಿಂದ ಏನೂ ಬಾರದ ದಿನ ಪಾಲು ಮಾತಾಡುವುದು ಸುಲಭ. ಬಂದ ಮೇಲೆ ಪ್ರತಿಯೊಬ್ಬರಿಗೂ ತಾವು ಮಾಡಿದ್ದೇ ಜಾಸ್ತಿ ಅಂತ ನೆನಪಿರುತ್ತದೆ.

ಸ್ಟ್ರೀಮಿಂಗ್ ದುಡ್ಡಿನ ಬಗ್ಗೆ ಭ್ರಮೆ ಬೇಡ. ಸ್ಪಾಟಿಫೈ ಒಂದು ಸ್ಟ್ರೀಮ್‌ಗೆ ಇಷ್ಟು ಅಂತ ಗೊತ್ತಾದ ದರ ಕೊಡುವುದಿಲ್ಲ, ಒಟ್ಟು ಹಣದಲ್ಲಿ ನಿಮ್ಮ ಸ್ಟ್ರೀಮ್‌ಗಳ ಪಾಲಿನಂತೆ ಹಂಚುತ್ತದೆ. 2024ರಿಂದ, ಹಿಂದಿನ 12 ತಿಂಗಳಲ್ಲಿ 1,000 ಸ್ಟ್ರೀಮ್ ಮುಟ್ಟದ ಹಾಡಿಗೆ ಅಲ್ಲಿ ರೆಕಾರ್ಡಿಂಗ್ ರಾಯಲ್ಟಿಯೇ ಇಲ್ಲ. ಹಾಗಂತ ದುಡ್ಡು ಕೊಟ್ಟು ಸುಳ್ಳು ಸ್ಟ್ರೀಮ್ ಕೊಳ್ಳಲು ಹೋಗಬೇಡಿ. ಸಿಕ್ಕಿಬಿದ್ದರೆ ಡಿಸ್ಟ್ರಿಬ್ಯೂಟರ್‌ಗೆ ದಂಡ ಬೀಳುತ್ತದೆ, ಅವರು ನಿಮ್ಮ ಹಾಡನ್ನೇ ಕಿತ್ತು ಹಾಕಬಹುದು. ಅದಕ್ಕಿಂತ ದೊಡ್ಡ ನಷ್ಟ ಬೇರೆ ಇದೆ. ನಿಮ್ಮ ಹಾಡನ್ನು ನಿಜವಾಗಿ ಕೇಳುವವರು ಯಾರು, ಎಲ್ಲಿದ್ದಾರೆ ಅಂತ ತಿಳಿಯುವ ದಾರಿಯನ್ನೇ ಮುಚ್ಚಿಕೊಳ್ಳುತ್ತೀರಿ.

ಆ ನಿಜವಾಗಿ ಕೇಳುವವರೇ ನಿಮ್ಮ ಬಂಡವಾಳ. 1980ರ ದಶಕದ ಶುರುವಿನಲ್ಲಿ ಅಮೆರಿಕದ ಓಕ್ಲೆಂಡ್‌ನ ರ‍್ಯಾಪರ್ ಟೂ ಶಾರ್ಟ್ ತನ್ನ ಗೆಳೆಯನ ಜೊತೆ ಸೇರಿ, ಕೇಳಿದವರಿಗೆ ಅವರದೇ ಹೆಸರು ಸೇರಿಸಿ ರ‍್ಯಾಪ್ ಮಾಡಿ ಕ್ಯಾಸೆಟ್ ಮಾಡಿಕೊಡುತ್ತಿದ್ದರು. ಕೊಂಡವನು ಅದನ್ನು ಹತ್ತು ಜನಕ್ಕೆ ಕೇಳಿಸದೆ ಇರುತ್ತಾನೆಯೇ? 2013ರಲ್ಲಿ ಲಾಸ್ ಏಂಜಲೀಸ್‌ನ ರ‍್ಯಾಪರ್ ನಿಪ್ಸಿ ಹಸಲ್ ಒಂದು ಮಿಕ್ಸ್‌ಟೇಪನ್ನು (ಹಾಡುಗಳ ಸಂಗ್ರಹ) ಇಂಟರ್ನೆಟ್‌ನಲ್ಲಿ ಪುಕ್ಕಟೆ ಬಿಟ್ಟರು. ಅದೇ ಹೊತ್ತಿಗೆ ಅದರ 1,000 ಪ್ರತಿಗಳನ್ನು ಒಂದಕ್ಕೆ 100 ಡಾಲರ್‌ನಂತೆ ಮಾರಿದರು. ಜೇ-ಜೀ ಒಬ್ಬರೇ 100 ಪ್ರತಿ ಕೊಂಡರು. ಪುಕ್ಕಟೆ ಸಿಗುವುದನ್ನು ಜನ ದುಡ್ಡು ಕೊಟ್ಟು ಯಾಕೆ ಕೊಂಡರು? ಅದಕ್ಕೂ ಮುಂಚೆ ಎಷ್ಟೋ ವರ್ಷ ನಿಪ್ಸಿ ತಮ್ಮ ಬೀದಿಯ ಜನರಿಗಾಗಿ ಬರೆದಿದ್ದರು, ಅವರ ನಡುವೆಯೇ ಇದ್ದರು. ರ‍್ಯಾಪರ್ ಟೆಕ್ ನೈನ್ ದಾರಿಯೂ ಅಂಥದ್ದೇ. 1999ರಲ್ಲಿ ಟ್ರಾವಿಸ್ ಓಗಿನ್ ಜೊತೆ ಸೇರಿ ಸ್ಟ್ರೇಂಜ್ ಮ್ಯೂಸಿಕ್ ಅನ್ನುವ ಸ್ವಂತ ಕಂಪನಿ ಕಟ್ಟಿದರು. ರೇಡಿಯೋ ತಿರುಗಿ ನೋಡದ ಕಾಲದಲ್ಲೂ ಊರೂರು ಸುತ್ತಿ ಹಾಡಿದರು, ಟೀ ಶರ್ಟ್ ಮಾರಿದರು.

ಹಾಗಾಗಿ ನಿಮ್ಮ ಶೋಗೆ ಬಂದ ಮೂವತ್ತು ಜನರಲ್ಲಿ ಎರಡನೇ ಸಲವೂ ಬಂದವರು ಯಾರು ಅಂತ ನೋಡಿ. ಅವರ ಹೆಸರು ತಿಳಿದುಕೊಳ್ಳಿ. ನಂಬರ್ ಕೊಡಲು ಇಷ್ಟ ಇದ್ದವರದ್ದು ತೆಗೆದುಕೊಳ್ಳಿ. ಮುಂದಿನ ಹಾಡು ಬಂದಾಗ ಅವರಿಗೆ ನೀವೇ ತಿಳಿಸಿ. ಯಾವುದೋ ಆ್ಯಪ್ ನಾಳೆ ತನ್ನ ಲೆಕ್ಕಾಚಾರ ಬದಲಾಯಿಸಿದರೂ ಈ ಪಟ್ಟಿ ನಿಮ್ಮ ಹತ್ತಿರವೇ ಇರುತ್ತದೆ.

ಸೋಲುವ ದಿನಗಳು ಬರುತ್ತವೆ, ಬರಲಿ. 1997ರಲ್ಲಿ ಲಾಸ್ ಏಂಜಲೀಸ್‌ನ ರ‍್ಯಾಪ್ ಒಲಿಂಪಿಕ್ಸ್ ಬ್ಯಾಟಲ್‌ನಲ್ಲಿ (ಎದುರಾಳಿಯ ಮುಂದೆ ನಿಂತು ರ‍್ಯಾಪ್ ಮಾಡುವ ಸ್ಪರ್ಧೆ) ಎಮಿನೆಮ್‌ಗೆ ಸಿಕ್ಕಿದ್ದು ಎರಡನೇ ಸ್ಥಾನ. ಆದರೆ ಅವರು ಜೊತೆಗೆ ತಮ್ಮ ಹಾಡುಗಳನ್ನು ಒಯ್ದಿದ್ದರು. ಆ ಹಾಡುಗಳು ಕೈಯಿಂದ ಕೈಗೆ ದಾಟಿ ದೊಡ್ಡ ನಿರ್ಮಾಪಕ ಡಾ. ಡ್ರೆ ಕಿವಿಗೆ ಬಿದ್ದವು. ಬ್ಯಾಟಲ್‌ಗೆ ಹೋಗುವಾಗ ಗೆಲ್ಲುವ ಸಾಲುಗಳ ಜೊತೆ ಮುಗಿಸಿದ ಹಾಡೂ ಇರಲಿ.

ವಯಸ್ಸಾಗಿ ಹೋಯಿತು ಅಂತ 22ರ ಹುಡುಗರು ನನ್ನ ಹತ್ತಿರ ಹೇಳುತ್ತಾರೆ. ಅದನ್ನು ಕೇಳಿದಾಗ ನನಗೆ ನಿಜವಾಗಿ ಸಂಕಟ ಆಗುತ್ತದೆ. ಎಂಎಫ್ ಡೂಮ್ ಅನ್ನುವ ರ‍್ಯಾಪರ್ ಕಥೆ ಅವರಿಗೆ ಹೇಳುತ್ತೇನೆ. 1993ರಲ್ಲಿ ಡೂಮ್ ಅವರ ತಮ್ಮ ತೀರಿಕೊಂಡ. ತಂಡದಲ್ಲೂ ಅವನೇ ಜೊತೆಗಾರ. ಅದರ ಬೆನ್ನಿಗೇ ಕಂಪನಿ ಅವರ ಆಲ್ಬಂ ಕೈಬಿಟ್ಟಿತು. ಮುಂದೆ ಕೆಲವು ವರ್ಷ ಅವರು ಎಲ್ಲೂ ಕಾಣಲಿಲ್ಲ. ಆಮೇಲೆ ಒಂದು ಓಪನ್ ಮೈಕ್‌ಗೆ ಮುಖ ಮುಚ್ಚಿಕೊಂಡು ಬಂದು ಹಾಡತೊಡಗಿದರು. 1999ರಲ್ಲಿ ಡೂಮ್ ಹೆಸರಿನ ಮೊದಲ ಆಲ್ಬಂ ಬಂದಾಗ ಅವರಿಗೆ 28ರ ಆಸುಪಾಸು. ಕಿಲ್ಲರ್ ಮೈಕ್ ಮತ್ತು ಎಲ್-ಪಿ ಸೇರಿ ರನ್ ದ ಜ್ಯುವೆಲ್ಸ್ ಅಂತ 2013ರಲ್ಲಿ ಮೊದಲ ಆಲ್ಬಂ ಬಿಟ್ಟಾಗ ಇಬ್ಬರಿಗೂ 38. ಅದನ್ನೂ ಪುಕ್ಕಟೆ ಕೊಟ್ಟರು. ಹೆಚ್ಚು ಜನ ಅವರನ್ನು ಕೇಳಿದ್ದು ಅದರ ನಂತರವೇ.

ಅಲ್ಲಿಯವರೆಗೆ ಹೊಟ್ಟೆಪಾಡಿಗೆ ಒಂದು ಕೆಲಸ ಇರಲಿ. ಕೆಲಸ ಮಾಡುತ್ತಾ ರ‍್ಯಾಪ್ ಮಾಡುವವರು ಅರ್ಧ ಮನಸ್ಸಿನವರು ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ತಿಂಗಳ ಖರ್ಚಿನ ಭಯ ಇಲ್ಲದವರು ಕೆಟ್ಟ ಒಪ್ಪಂದಕ್ಕೆ ಸಹಿ ಹಾಕುವುದಿಲ್ಲ, ಅದನ್ನು ಎದುರೇ ನೋಡಿದ್ದೇನೆ. ಒಂದು ಪುಸ್ತಕ ಇಟ್ಟುಕೊಂಡು ರ‍್ಯಾಪ್‌ನಿಂದ ಬಂದದ್ದು, ರ‍್ಯಾಪ್‌ಗೆ ಹೋದದ್ದು ಎರಡನ್ನೂ ಬರೆಯಿರಿ. ಶೋ, ಟೀ ಶರ್ಟ್, ಬೇರೆಯವರ ಹಾಡಿನಲ್ಲಿ ನೀವು ಹೇಳಿದ ವರ್ಸ್, ರಾಯಲ್ಟಿ, ಎಲ್ಲ. ಖರ್ಚು ಕಳೆದು ಉಳಿದದ್ದು ಪೂರ್ತಿ ಒಂದು ವರ್ಷ ನಿಮ್ಮ ಬಾಡಿಗೆ, ಊಟ, ಔಷಧಿ ನೋಡಿಕೊಂಡಿತು, ಮುಂದಿನ ಕೆಲವು ತಿಂಗಳ ಶೋಗಳಿಗೂ ಮುಂಗಡ ಬಂದಿದೆ ಅನ್ನುವಾಗ ಕೆಲಸ ಬಿಡುವ ಮಾತು ಎತ್ತಿ. ಆ ಪುಸ್ತಕವನ್ನು ಮನೆಯವರ ಮುಂದೆ ಇಟ್ಟೇ ಮಾತಾಡಿ.